ಪಾದ ನೇರವಾಯಿತೆಂದು ಶೂ ಬಿಚ್ಚಬೇಡಿ

ಹುಟ್ಟುವಾಗಲೇ ಕೆಲವು ಮಕ್ಕಳ ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ಮೇಲೆದ್ದಿರುತ್ತದೆ. ಮನೆಯಲ್ಲಿ ಸೊಟ್ಟಪಾದ ಎನ್ನುತ್ತೇವೆ, ಆಸ್ಪತ್ರೆಯವರು ಕ್ಲಬ್‌ಫುಟ್ ಎನ್ನುತ್ತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ಎರಡು ಪಟ್ಟು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದಗಳು ತಿರುಗಿರುತ್ತವೆ.

ಇದು ಗುಣವಾಗುವ ತೊಂದರೆ. ಸಕಾಲಕ್ಕೆ ಹಿಡಿದು, ಕೊನೆತನಕ ಬಿಡದೆ ಚಿಕಿತ್ಸೆ ಮಾಡಿಸಿದರೆ ಬಹುಪಾಲು ಮಕ್ಕಳು ಉಳಿದವರಂತೆಯೇ ನಡೆಯುತ್ತಾರೆ, ಓಡುತ್ತಾರೆ, ಸಫ್‌ನಲ್ಲಿ ಎಲ್ಲರ ಜೊತೆ ಸಮವಾಗಿ ನಿಲ್ಲುತ್ತಾರೆ. ತೊಡಕಿರುವುದು ಆ ‘ಕೊನೆತನಕ’ ಎಂಬ ಮಾತಿನಲ್ಲಿ. ಆಸ್ಪತ್ರೆಯ ಭಾಗ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ವರ್ಷ ನಡೆಯಬೇಕಾದದ್ದು ನಮ್ಮ ಮನೆಯಲ್ಲಿ, ರಾತ್ರಿ ಹೊತ್ತಿನಲ್ಲಿ. ಆ ನಾಲ್ಕು ವರ್ಷದ ಹೊಣೆಯನ್ನು ಪೂರ್ತಿಯಾಗಿ ತಾಯಿಯ ತಲೆಗೆ ಕಟ್ಟಿ ನಾವು ಸುಮ್ಮನಾಗುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಚಿಕಿತ್ಸೆ ಹೇಗೆ?

ಈಗ ಜಗತ್ತಿನಾದ್ಯಂತ ನಡೆಯುವುದು ಪೊನ್ಸೆಟಿ ಪದ್ಧತಿ. ಸ್ಪೇನ್‌ನಲ್ಲಿ 1914ರಲ್ಲಿ ಹುಟ್ಟಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಡಾ. ಇಗ್ನಾಸಿಯೋ ಪೊನ್ಸೆಟಿ ಇದನ್ನು ರೂಪಿಸಿದರು. ಅವರ ಹುಟ್ಟುಹಬ್ಬವಾದ ಜೂನ್ 3 ಈಗ ವಿಶ್ವ ಕ್ಲಬ್‌ಫುಟ್ ದಿನ. ವೈದ್ಯರು ಮಗುವಿನ ಪಾದವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಪಾದವನ್ನು ಇನ್ನಷ್ಟು ತಿರುಗಿಸಿ ಮತ್ತೆ ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್ ಸಾಕು. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರವನ್ನು ಚಿಕ್ಕದಾಗಿ ಕತ್ತರಿಸಿ ಸಡಿಲಿಸಿ, ಮೂರು ವಾರ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅದು ಬಿಚ್ಚುವ ದಿನ ಪಾದ ನೇರವಾಗಿರುತ್ತದೆ. ಮನೆಮಂದಿಗೆಲ್ಲ ಸಂತೋಷ.

ಅಪಾಯ ಶುರುವಾಗುವುದೂ ಅದೇ ದಿನ. ಪಾದವನ್ನು ಒಳಕ್ಕೆ ಎಳೆದಿದ್ದ ಎಳೆಗಳ ಸ್ವಭಾವ ಇನ್ನೂ ಬದಲಾಗಿರುವುದಿಲ್ಲ. ಮಗು ಬೆಳೆದಂತೆ ಅವು ಮತ್ತೆ ಎಳೆಯುತ್ತವೆ. ಹಾಗಾಗದಂತೆ ತಡೆಯಲು ಬ್ರೇಸ್ ಕೊಡುತ್ತಾರೆ. ಎರಡು ಪುಟ್ಟ ಶೂಗಳು, ನಡುವೆ ಮಗುವಿನ ಭುಜದಷ್ಟು ಅಗಲದ ಒಂದು ಕಂಬಿ. ತೊಂದರೆಯಿದ್ದ ಪಾದ 60ರಿಂದ 70 ಡಿಗ್ರಿ ಹೊರಕ್ಕೆ, ಸರಿಯಿರುವ ಪಾದ 30ರಿಂದ 40 ಡಿಗ್ರಿ ಹೊರಕ್ಕೆ ತಿರುಗಿರುತ್ತದೆ. ಒಂದೇ ಪಾದಕ್ಕೆ ತೊಂದರೆಯಿದ್ದರೂ ಎರಡಕ್ಕೂ ಶೂ ಹಾಕಲೇಬೇಕು. ಇಲ್ಲದಿದ್ದರೆ ಕಂಬಿಗೆ ಆಧಾರವಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಸ್ನಾನದ ಹೊತ್ತಿಗೆ ಮಾತ್ರ ಬಿಡುವು. ಆಮೇಲೆ ರಾತ್ರಿ ನಿದ್ದೆಗೆ ಮತ್ತು ಹಗಲು ನಿದ್ದೆಗೆ ಮಾತ್ರ, ನಾಲ್ಕು ಅಥವಾ ಐದು ವರ್ಷ ತುಂಬುವವರೆಗೆ. ನಾಲ್ಕು ವರ್ಷ ಎಂದರೆ 1,400ಕ್ಕೂ ಹೆಚ್ಚು ರಾತ್ರಿ.

ಪೊನ್ಸೆಟಿ ಪದ್ಧತಿಯ ಕೈಪಿಡಿ ಕೊಡುವ ಲೆಕ್ಕ ನೋಡಿ. ಬ್ರೇಸನ್ನು ಹೇಳಿದಂತೆ ಹಾಕಿದ ಕುಟುಂಬಗಳಲ್ಲಿ ಪಾದ ಮತ್ತೆ ಸೊಟ್ಟಗಾದದ್ದು 100ಕ್ಕೆ 6 ಮಕ್ಕಳಲ್ಲಿ. ಹಾಕದ ಕುಟುಂಬಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು. ಆರಕ್ಕೂ ಎಂಬತ್ತಕ್ಕೂ ನಡುವಿನ ಅಂತರ ನಮ್ಮ ಮನೆಯ ರಾತ್ರಿಗಳದ್ದು.

ಬಿಚ್ಚಿಡಲು ನಮಗೆ ಸಿಗುವ ಕಾರಣಗಳು

ಕಾರಣಗಳಿಗೇನೂ ಬರವಿಲ್ಲ. ಮಗು ಅಳುತ್ತದೆ. ತವರಿನಿಂದ ಗಂಡನ ಮನೆಗೆ ಬರುವಾಗ ಶೂ ಅಲ್ಲೇ ಉಳಿಯಿತು. ಮದುವೆಗೆ ಹೋಗಿದ್ದೆವು, ನಾಲ್ಕು ಜನ ನೋಡುತ್ತಾರೆ. ರಮಝಾನಿನಲ್ಲಿ ತರಾವೀಹ್, ಸಹರಿ ಎಂದು ಮನೆಯ ನಿದ್ದೆಯೇ ತಲೆಕೆಳಗಾಯಿತು. ‘ಪಾಪ, ಕೂಸನ್ನು ಕಟ್ಟಿಹಾಕಿದ್ದೀರಲ್ಲ’ ಎಂದು ದಾದಿ ಕಣ್ಣೀರು ಹಾಕಿದರು. ಒಂದೊಂದು ಕಾರಣವೂ ಪ್ರೀತಿಯಿಂದಲೇ ಬಂದದ್ದು. ಆದರೆ ಪಾದಕ್ಕೆ ಕಾರಣ ಗೊತ್ತಾಗುವುದಿಲ್ಲ, ಬಿಚ್ಚಿದ ರಾತ್ರಿಗಳಷ್ಟೇ ಗೊತ್ತಾಗುತ್ತವೆ.

ಮಗು ಅಳುವುದು ಸಹಜ. ಮೊದಲ ಎರಡು ಮೂರು ರಾತ್ರಿ ಕಷ್ಟ. ಹಗಲಿನಲ್ಲಿ ಆಟವಾಡಿಸುತ್ತ, ಕಂಬಿ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಮಡಿಸಿ ಚಾಚುವುದನ್ನು ಕಲಿಸಿದರೆ ಬೇಗ ಒಗ್ಗುತ್ತದೆ. ಅತ್ತಾಗ ಬಿಚ್ಚಿದರೆ, ಅತ್ತರೆ ಬಿಚ್ಚುತ್ತಾರೆ ಎಂದು ಮಗು ಕಲಿಯುತ್ತದೆ. ಆದರೆ ಅಳುವಿನ ಕಾರಣ ನೋಡದೆ ಬಿಡಬೇಡಿ. ಪಾದದಲ್ಲಿ ಕಡು ಕೆಂಪು ಗುರುತು ಅಥವಾ ಗುಳ್ಳೆ ಇದ್ದರೆ ಹಿಮ್ಮಡಿ ಸರಿಯಾಗಿ ಕೂತಿಲ್ಲ ಎಂದರ್ಥ. ಹತ್ತಿಯ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಶೂ ತಳಕ್ಕೆ ಮುಟ್ಟಿಸಿ ಪಟ್ಟಿ ಬಿಗಿಯಿರಿ. ಕೆಂಪಾದ ಕಡೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಕಾಲ್ಬೆರಳು ಶೂ ಅಂಚು ದಾಟಿದರೆ ದೊಡ್ಡ ಅಳತೆಯ ಶೂ ಬೇಕು. ಹಿಮ್ಮಡಿ ಕೂರುತ್ತಲೇ ಇಲ್ಲ, ಪದೇ ಪದೇ ಜಾರುತ್ತದೆ ಎಂದರೆ ಪಾದ ಮತ್ತೆ ತಿರುಗುತ್ತಿರಬಹುದು. ಕೂಡಲೇ ವೈದ್ಯರಿಗೆ ತೋರಿಸಿ. ಬೇಗ ಹೋದರೆ ಬಹಳಷ್ಟು ಸಲ ಮತ್ತೆ ಕೆಲವು ಪ್ಲಾಸ್ಟರಿನಲ್ಲಿ ಸರಿಹೋಗುತ್ತದೆ.

ಇನ್ನೆರಡು ಮಾತು. ನಲವತ್ತು ದಿನ ಕಳೆಯಲಿ, ಆಮೇಲೆ ನೋಡೋಣ ಎಂದು ಕಾಯುವ ಮನೆಗಳಿವೆ. ಪ್ಲಾಸ್ಟರ್ ಶುರುವಾಗಬೇಕಾದದ್ದು ಹುಟ್ಟಿದ ಒಂದೆರಡು ವಾರದಲ್ಲೇ. ಬಾಣಂತಿಗೆ ಆ ದಿನಗಳಲ್ಲಿ ನಮಾಝಿನಿಂದ ವಿನಾಯಿತಿ ಇದೆ, ಮಗುವನ್ನು ಆಸ್ಪತ್ರೆಗೆ ಒಯ್ಯಬಾರದೆಂಬ ನಿಷೇಧವಿಲ್ಲ. ತಾಯಿಗೆ ಆಗದಿದ್ದರೆ ತಂದೆಯೂ ನಾನಿಯೂ ಒಯ್ಯಲಿ. ಎರಡನೆಯದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು ಎಂದು ತಾಯಿಯನ್ನು ದೂರುವುದು. ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಜನ ಎರಡನ್ನೂ ಜೋಡಿಸಿ ಮಾತಾಡಿದಾಗ ಅವರು ಅದನ್ನು ತಳ್ಳಿಹಾಕಿದರು. ತನ್ನ ಮಗುವಿನ ಅಗಲಿಕೆಯ ದಿನವೂ ಒಪ್ಪದ ಮಾತನ್ನು ಅವರ ಅನುಯಾಯಿಗಳಾದ ನಾವು ಎಳೆ ಬಾಣಂತಿಯ ಮೇಲೆ ಹೊರಿಸುವುದು ಎಷ್ಟು ಸರಿ?

ನಮ್ಮ ಜಿಲ್ಲೆಯಲ್ಲಿ ಆಗಬೇಕಾದ್ದು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ. ಈ ಕಾರ್ಯಕ್ರಮದಲ್ಲಿ ಗುರುತಿಸಿದ ಮಕ್ಕಳಿಗೆ ಚಿಕಿತ್ಸೆ ಉಚಿತ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಮೊದಲು ಅಲ್ಲಿಯೇ ವಿಚಾರಿಸಿ. ಮಾಲೀಸು ಮಾಡಿ ಪಾದ ತಿರುಗಿಸುವವರ ಬಳಿಗೆ ಹೋಗಿ ವಾರಗಳನ್ನು ಕಳೆದುಕೊಳ್ಳಬೇಡಿ.

ಆದರೆ ವ್ಯವಸ್ಥೆಯಲ್ಲೊಂದು ಬಿರುಕಿದೆ. ಆಶಾ ಕಾರ್ಯಕರ್ತೆ ನವಜಾತ ಶಿಶುವನ್ನು ಮನೆಗೆ ಬಂದು ನೋಡುವ ಭೇಟಿಗಳು 42ನೇ ದಿನಕ್ಕೆ ಮುಗಿಯುತ್ತವೆ. ಬ್ರೇಸ್ ಶುರುವಾಗುವುದು ಹೆಚ್ಚಾಗಿ ಅದರ ನಂತರ. 3, 6, 9, 12, 15ನೇ ತಿಂಗಳುಗಳಲ್ಲಿ ಆಶಾ ಮತ್ತೆ ಬರಬೇಕೆಂಬ ನಿಯಮವಿದೆ. ಆ ಭೇಟಿಯಲ್ಲಿ ‘ರಾತ್ರಿ ಶೂ ಹಾಕುತ್ತಿದ್ದೀರಾ, ಅಳತೆ ಸರಿಯಿದೆಯಾ’ ಎಂಬ ಒಂದು ಪ್ರಶ್ನೆ ಸೇರಲಿ. ಆಮೇಲೆ ಅಂಗನವಾಡಿಯಲ್ಲಿ ತೂಕ ನೋಡುವ ದಿನ ಇದನ್ನೂ ಕೇಳಲಿ. ಮುಂದಿನ ತಪಾಸಣೆಯ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ. ಹೊಸ ಅಳತೆಯ ಶೂ ತಾಲೂಕು ಆಸ್ಪತ್ರೆಯಲ್ಲೇ ಸಿಗಲಿ. ಟೊಮೆಟೊ ಮಂಡಿಯಲ್ಲಿ ಮೂಟೆ ಹೊರುವವರಿಗೆ, ರೇಷ್ಮೆ ಬಿಚ್ಚುವವರಿಗೆ, ಮಾಲೂರಿನ ಇಟ್ಟಿಗೆ ಗೂಡಿನವರಿಗೆ, ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ದುಡಿಯುವವರಿಗೆ ಒಂದು ಶೂಗಾಗಿ ಊರೂರು ಅಲೆಯುವುದೆಂದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋದಂತೆ. ಅಂಥವರನ್ನು ‘ಏಕಮ್ಮಾ ಬರಲಿಲ್ಲ’ ಎಂದು ಗದರಿಸಿದರೆ ಮುಂದಿನ ಸಲವೂ ಅವರು ಬರುವುದಿಲ್ಲ.

ಇದನ್ನು ಕೇಳುವ ಕೆಲಸ ನಮ್ಮದು. ನಮ್ಮ ಜಮಾಅತ್‌ಗಳು ಮದುವೆಗೆ, ಮಯ್ಯತ್‌ಗೆ ಕೂಡಲೇ ನೆರವಾಗುತ್ತವೆ. ಮೊಹಲ್ಲಾದ ಒಂದು ಮಗುವಿನ ಆಸ್ಪತ್ರೆ ಓಡಾಟದ ಖರ್ಚು ಅದಕ್ಕಿಂತ ದೊಡ್ಡದಲ್ಲ. ಮಗಳ ಪಾದ ಬಟ್ಟೆಯಡಿ ಮುಚ್ಚಿಹೋಗುತ್ತದೆಂದು ಅವಳ ಚಿಕಿತ್ಸೆಯನ್ನು ಹಿಂದೆ ಹಾಕುವವರಿದ್ದರೆ, ನಡೆಯಬೇಕಾದವಳು ಅವಳೇ ಎಂದು ಹಿರಿಯರು ತಿಳಿಹೇಳಲಿ.

ಮನೆಯಲ್ಲಿ ಒಂದು ಏರ್ಪಾಡು ಮಾಡಿಕೊಳ್ಳಿ. ಇಶಾ ನಮಾಝ್ ಮುಗಿಸಿ ಬಂದ ತಂದೆಯೇ ಶೂ ಹಾಕಲಿ. ಹಿಮ್ಮಡಿ ಕೂತಿದೆಯೇ ಎಂದು ದಾದಿ ನೋಡಲಿ. ಊರಿಗೆ ಹೊರಟಾಗ ಮಗುವಿನ ಬಟ್ಟೆಗಿಂತ ಮೊದಲು ಶೂ ಚೀಲಕ್ಕೆ ಬೀಳಲಿ. ನಾಲ್ಕು ವರ್ಷ ಒಬ್ಬಳೇ ಎದ್ದು ಕೂರುವ ತಾಯಿ ಒಂದು ದಿನ ಸೋಲುತ್ತಾಳೆ. ಮನೆಯವರೆಲ್ಲ ಸರದಿ ಹಂಚಿಕೊಂಡರೆ ಆ ರಾತ್ರಿಗಳು ಅಷ್ಟು ಭಾರವೆನಿಸುವುದಿಲ್ಲ.