ತಾಮ್ರದ ಸರ್ಪವೂ ಮಗುವಿನ ಪ್ರಶ್ನೆಯೂ

ಕ್ರಿ.ಪೂ. 8ನೆಯ ಶತಮಾನದಲ್ಲಿ ಯೆಹೂದದ ಸಿಂಹಾಸನವನ್ನೇರಿದ ಹಿಜ್ಕೀಯ ಅರಸನ ಒಂದು ಕಾರ್ಯವನ್ನು ಕುರಿತು ನಮ್ಮ ವಿದ್ಯಾರ್ಥಿನಿಯರು ಆಕ್ಷೇಪಣೆಯೆತ್ತುವದುಂಟು. ದೇವರ ಅಪ್ಪಣೆಯಿಂದಲೇ ಮೋಶೆಯು ಮಾಡಿದ ತಾಮ್ರದ ಸರ್ಪವನ್ನು ಅವನು ಚೂರುಚೂರು ಮಾಡಬಹುದೇ? ಅರಣ್ಯದಲ್ಲಿ ಹಾವು ಕಚ್ಚಿದವರು ಅದನ್ನು ನೋಡಿಯೇ ಬದುಕಿಕೊಂಡರಲ್ಲವೇ?

ಆಕ್ಷೇಪಣೆಯು ಸಣ್ಣದಲ್ಲ. ಆದರೂ ಅರಸನು ಮಾಡಿದ್ದೇ ಸರಿಯೆಂದು ನಮ್ಮ ಅಭಿಪ್ರಾಯ. ಜನರು ಆ ಸರ್ಪಕ್ಕೆ ಧೂಪಹಾಕುತ್ತಿದ್ದರೆಂದು ಅರಸುಗಳ ಎರಡನೆಯ ಗ್ರಂಥವು ಹೇಳುತ್ತದೆ. ಅದಕ್ಕೆ ನೆಹುಷ್ಟಾನ್ ಎಂಬ ಹೆಸರೂ ಬಂದಿತ್ತು. ಇಬ್ರಿಯ ಭಾಷೆಯಲ್ಲಿ ಸರ್ಪವು ನಾಹಾಷ್, ತಾಮ್ರವು ನೆಹೋಷೆತ್, ಎರಡರ ಧ್ವನಿಯೂ ಆ ಹೆಸರಿನಲ್ಲಿದೆ. ಗುಣಪಡಿಸಿದಾತನು ಮರೆತುಹೋಗಿ ಲೋಹವು ಉಳಿದಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಎಂಬ ಗ್ರಂಥದಲ್ಲಿ ಯೆಹೂದ್ಯ ಪಂಡಿತರು ಇದನ್ನೇ ಚರ್ಚಿಸಿ, ಕೊಲ್ಲುವದಾಗಲಿ ಬದುಕಿಸುವದಾಗಲಿ ಸರ್ಪದ ಕೆಲಸವಲ್ಲ, ಜನರು ದೃಷ್ಟಿಯನ್ನು ಮೇಲಕ್ಕೆತ್ತಿ ಪರಲೋಕದ ತಂದೆಗೆ ಹೃದಯವನ್ನೊಪ್ಪಿಸಿದಾಗಲೇ ಗುಣಹೊಂದಿದರು ಎಂದು ತೀರ್ಮಾನಿಸಿದ್ದಾರೆ.

ಹಾಗೆಂದು ಹಿಜ್ಕೀಯನು ಸಂಕೇತಗಳ ಶತ್ರುವಲ್ಲ. ಪೂರ್ವಕಾಲವೃತ್ತಾಂತದ ಪ್ರಕಾರ ದೇವಾಲಯದ ಮುಚ್ಚಿದ ಬಾಗಿಲುಗಳನ್ನು ತೆರೆಯಿಸಿದವನೂ, ಪಸ್ಕವನ್ನಾಚರಿಸಬೇಕೆಂದು ದೇಶಕ್ಕೆಲ್ಲಾ ಓಲೆಗಳನ್ನು ಕಳುಹಿಸಿದವನೂ ಅವನೇ. ಪಸ್ಕದಲ್ಲಿಯೂ ಕುರಿ, ಹುಳಿಯಿಲ್ಲದ ರೊಟ್ಟಿ, ಕಹಿಯಾದ ಪಲ್ಯ ಎಂಬ ಕಣ್ಣಿಗೆ ಕಾಣುವ ವಸ್ತುಗಳಿವೆಯಷ್ಟೆ. ಇದನ್ನುಳಿಸಿ ಅದನ್ನೊಡೆದದ್ದೇಕೆ? ವಿಮೋಚನಕಾಂಡದ 12ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವಾಗ ಹಿರಿಯರು ಉತ್ತರ ಕೊಡಬೇಕೆಂದು ಅಲ್ಲಿಯೇ ವಿಧಿಸಲ್ಪಟ್ಟಿದೆ. ಸರ್ಪದ ಮುಂದೆ ಧೂಪವಿತ್ತು. ಅಂಥ ಪ್ರಶ್ನೆಯ ಸುದ್ದಿಯೇ ಇಲ್ಲ.

ಮಾತಾಪಿತರೇ, ಕೊರಳಲ್ಲಿ ಶಿಲುಬೆಯನ್ನು ಹಾಕಿ ಹೆಣ್ಣುಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸುತ್ತೀರಿ. ನಮಗೆ ಸಂತೋಷವೇ, ಸರವನ್ನು ಬಿಚ್ಚಿಸುವವರು ನಾವಲ್ಲ. ಆದರೆ ಪರೀಕ್ಷೆಯ ದಿನ ಮಾತ್ರ ಅದನ್ನು ಕಣ್ಣಿಗೊತ್ತಿಕೊಳ್ಳುವ ಹುಡುಗಿಗೆ, ರೋಮನರು ಮನುಷ್ಯರನ್ನು ಜಡಿದು ಕೊಲ್ಲುತ್ತಿದ್ದ ಮರವೇ ಇದು, ನಮ್ಮ ಕರ್ತನು ಇದರ ಮೇಲೆಯೇ ಪ್ರಾಣಕೊಟ್ಟನು ಎಂದು ಮನೆಯಲ್ಲಿ ಯಾರೂ ಹೇಳದಿದ್ದರೆ, ಅವಳ ಕೊರಳಲ್ಲಿರುವದು ಶಿಲುಬೆಯೋ ನೆಹುಷ್ಟಾನೋ? ಶಾಲೆಯಲ್ಲಿ ನಾವು ಹೇಳುತ್ತೇವೆ, ಸಾಲದು. ಪಸ್ಕದ ಪ್ರಶ್ನೆಯು ಹುಟ್ಟಿದ್ದು ಪಾಠಶಾಲೆಯಲ್ಲಲ್ಲ, ಮನೆಯ ಊಟದಲ್ಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ತಾಯಂದಿರಾಗಿರುವವರು ಇದನ್ನು ಯೋಚಿಸಲಿ.

ರಾತ್ರಿಯಲ್ಲಿ ಬಂದ ನಿಕೊದೇಮನಿಗೆ ಯೇಸುಸ್ವಾಮಿಯು ಆ ಸರ್ಪದ ಉದಾಹರಣೆಯನ್ನೇ ಕೊಟ್ಟನೆಂದು ಯೋಹಾನನು ಬರೆದಿದ್ದಾನೆ. ಅದು ಚೂರಾಗಿ ಆಗಲೇ 700 ವರ್ಷಗಳು ಮಿಕ್ಕಿದ್ದವು. ಆದರೂ ನಿಕೊದೇಮನು ಯಾವ ಸರ್ಪವೆಂದು ಕೇಳಲಿಲ್ಲ. ಬಾಲ್ಯದಲ್ಲಿಯೇ ಯಾರೋ ಅವನಿಗೆ ಹೇಳಿದ್ದಿರಬೇಕು.