ಓದದವರ ವಿಮರ್ಶೆ

ಒಂದು ಪುಸ್ತಕವನ್ನು ಓದಿಲ್ಲವೆಂದು ಹೇಳಿಕೊಳ್ಳಲು ವಿದ್ಯಾವಂತನಾದವನು ನಾಚುತ್ತಿದ್ದ ಕಾಲವೊಂದಿತ್ತು. ಈಗ ಹಾಗಿಲ್ಲ. “ಅವರದನ್ನು ನಾನು ಓದುವುದಿಲ್ಲ” ಎಂಬ ಮಾತನ್ನು, ವ್ರತ ಹಿಡಿದವನು ಈರುಳ್ಳಿ ಮುಟ್ಟುವುದಿಲ್ಲವೆಂದು ಹೇಳುವ ಧಾಟಿಯಲ್ಲಿ, ಎದೆಯುಬ್ಬಿಸಿ ಹೇಳುವವರನ್ನು ವಾರಕ್ಕೊಬ್ಬರನ್ನಾದರೂ ಕಾಣುತ್ತೇನೆ. ಓದದಿರುವುದು ಸೋಮಾರಿತನವಾಗಿದ್ದಷ್ಟು ದಿನ ಅದಕ್ಕೆ ಮದ್ದಿತ್ತು. ಅದೊಂದು ಸಿದ್ಧಾಂತವಾದ ಮೇಲೆ ಮದ್ದಿಲ್ಲ. ಈ ಸಿದ್ಧಾಂತ ಬಲಕ್ಕೂ ಇದೆ, ಎಡಕ್ಕೂ ಇದೆ. ಕನ್ನಡ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನನ್ನಂಥವರಲ್ಲಿಯೂ ಇದೆ; ಆ ಮಾತನ್ನು ಮುಂದೆ ಹೇಳುತ್ತೇನೆ.

ದೊಡ್ಡಬಳ್ಳಾಪುರದಲ್ಲಿ ನಾವು ಮೂವರು ಒಂದೇ ಶಾಲೆಯ ಒಂದೇ ಬೆಂಚಿನವರು. ಒಬ್ಬ ತಂದೆಯ ಕಾಲದಿಂದ ಬಂದ ವಿದ್ಯುತ್ ಮಗ್ಗಗಳನ್ನು ನಡೆಸಿಕೊಂಡಿದ್ದಾನೆ. ಇನ್ನೊಬ್ಬ ಬ್ಯಾಂಕಿನಲ್ಲಿದ್ದಾನೆ, ಅಲ್ಲಿನ ಯೂನಿಯನ್ನಿನಲ್ಲಿಯೂ ಇದ್ದಾನೆ. ಇಬ್ಬರೂ ಯಾವ ಗುರುತಿಗೆ ಓಟು ಹಾಕುತ್ತಾರೆಂಬುದನ್ನು ಓದುಗರು ಊಹಿಸಬಲ್ಲರು. ಭಾನುವಾರ ಬೆಳಿಗ್ಗೆ ನಾಗರಕೆರೆಯ ಕಡೆ ಒಂದು ಸುತ್ತು ನಡೆದು ಹೋಟೆಲಿನಲ್ಲಿ ಕಾಫಿ ಕುಡಿಯುವುದು ನಮ್ಮ ಹಳೆಯ ಅಭ್ಯಾಸ. ಮೊದಲು ಮೂವರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ಕೆಲವು ವರ್ಷಗಳಿಂದ ಅವರಿಬ್ಬರು ಎದುರುಬದುರು ಬೆಂಚುಗಳಲ್ಲಿ ಕೂರುತ್ತಾರೆ, ಯಾವ ಕಡೆ ಕೂರಬೇಕೆಂಬುದು ನನ್ನ ಪೇಚು.

2025ನೆಯ ಇಸವಿ ಕನ್ನಡಕ್ಕೆ ವಿಚಿತ್ರವಾದ ವರ್ಷ. ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಅದೇ ಮೊದಲು. ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಗಲಾಟೆಯಾಯಿತು. ಸೆಪ್ಟೆಂಬರ್ 15ರಂದು ಹೈಕೋರ್ಟು, 19ರಂದು ಸುಪ್ರೀಂ ಕೋರ್ಟು ಆಕ್ಷೇಪಣೆಯ ಅರ್ಜಿಗಳನ್ನು ತಳ್ಳಿಹಾಕಿದ ಮೇಲೆ 22ರಂದು ಅವರೇ ಉದ್ಘಾಟಿಸಿದರು. ಎರಡು ದಿನ ಕಳೆದು, 24ರಂದು, ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ಇಬ್ಬರೂ ಹಾಸನ ಜಿಲ್ಲೆಯವರು. ಒಬ್ಬರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರು. ಇನ್ನೊಬ್ಬರು ಹಾಸನದಲ್ಲಿ ವಕೀಲಿ ಮಾಡಿಕೊಂಡೇ ಕತೆ ಬರೆದವರು. ಒಂದೇ ಜಿಲ್ಲೆಯ ಈ ಇಬ್ಬರನ್ನೂ ಓದಿರುವೆನೆಂದು ಆ ವಾರ ನಮ್ಮ ಊರಿನಲ್ಲಿ ಹೇಳಬಲ್ಲವರು ಎಷ್ಟು ಮಂದಿ ಇದ್ದರೋ ಕಾಣೆ. ಇಬ್ಬರ ಮೇಲೂ ಅಭಿಪ್ರಾಯವಿಲ್ಲದವರು ಮಾತ್ರ ಒಬ್ಬರೂ ಇರಲಿಲ್ಲ.

28ನೆಯ ತಾರೀಖಿನ ಭಾನುವಾರ ನಮ್ಮ ಹೋಟೆಲಿನಲ್ಲಿ ಇದರದೇ ಮಾತು.

“ಆಯಮ್ಮ ತಾಯಿ ಭುವನೇಶ್ವರಿ ವಿಷಯದಲ್ಲಿ ಏನು ಮಾತಾಡಿದಾರೆ, ಕೇಳಿದೀಯೇನೋ?” ಎಂದು ಮಗ್ಗದ ಮಿತ್ರ ಫೋನನ್ನು ನನ್ನ ಮುಂದೆ ಹಿಡಿದ. ಅದು 2023ರ ಭಾಷಣದ ತುಣುಕು.

“ಕೇಳಿದೀನಿ. ಅವರ ಕತೆ ಯಾವುದಾದರೂ ಓದಿದೀಯ?”

“ಕತೆ ಯಾಕೋ ಓದಬೇಕು? ಭಾಷಣ ಕೇಳಿದೀನಲ್ಲ!”

2017ರಲ್ಲಿ ದಸರಾ ಉದ್ಘಾಟಿಸಿದ ನಿಸಾರ್ ಅಹಮದ್ ಅವರು ಇಲ್ಲೇ ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದವರಲ್ಲವೆ ಎಂದು ಬ್ಯಾಂಕಿನ ಮಿತ್ರ ಚುಚ್ಚಿದ. “ನಿಸಾರ್ ಬೇರೆ” ಎಂದ ಇವನು. ನಿಸಾರರದು ಏನು ಓದಿದ್ದೀ ಎಂದು ಕೇಳಿದರೆ, ಕ್ಯಾಸೆಟ್ಟಿನಲ್ಲಿ ಕೇಳಿದ ‘ನಿತ್ಯೋತ್ಸವ’ದ ಹೊರತು ಬೇರೇನೂ ಇಲ್ಲ. ಹಾಡಿನಿಂದ ಒಬ್ಬರು ಪಾಸು, ಭಾಷಣದಿಂದ ಒಬ್ಬರು ಫೇಲು. ಪುಸ್ತಕ ಎರಡು ಕಡೆಯೂ ಲೆಕ್ಕಕ್ಕಿಲ್ಲ.

ಬ್ಯಾಂಕಿನ ಮಿತ್ರ ಇದನ್ನೆಲ್ಲ ಕೇಳಿ ಸುಮ್ಮನೆ ನಗುತ್ತಿದ್ದ. ಭೈರಪ್ಪನವರ ಸಾವಿನ ಮಾತು ಬಂದಾಗ ಮುಖ ಗಂಟಿಕ್ಕಿದ. “‘ಆವರಣ’ ಬರೆದ ಮೇಲೆ ಅವರನ್ನು ಓದೋ ಅಗತ್ಯ ಉಳೀಲಿಲ್ಲ” ಎಂದ.

“‘ಆವರಣ’ ಓದಿದೀಯ?”

“ಅದರ ಮೇಲೆ ಬಂದಿದ್ದನ್ನೆಲ್ಲ ಓದಿದೀನಿ.”

ಮದುವೆಗೆ ಹೋಗದೆ ಊಟ ಚೆನ್ನಾಗಿರಲಿಲ್ಲವೆಂದು ಹೇಳಿದ ಹಾಗಾಯಿತು. ಜಾತಿಯನ್ನು ಮೀರಲು ಹೊರಟ ಪ್ರೇಮದ ಮೇಲೆ ಅದೇ ಲೇಖಕರು ‘ದಾಟು’ ಬರೆದುದು, ಅದಕ್ಕೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಇವನಿಗೆ ತಿಳಿಯದು. ಮಸೀದಿಗೆ ಹೆಂಗಸರಿಗೂ ಪ್ರವೇಶ ಬೇಕೆಂದುದಕ್ಕೆ 2000ದ ಸುಮಾರಿಗೆ ಬಾನು ಮುಷ್ತಾಕ್ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದುದು ಅವನಿಗೆ ತಿಳಿಯದು. ತಿಳಿದಿದ್ದರೆ ಇಬ್ಬರ ಸಿಟ್ಟಿಗೂ ಸ್ವಲ್ಪ ತೊಡಕಾಗುತ್ತಿತ್ತು.

ಆ ದಿನ ಬ್ಯಾಂಕಿನ ಮಿತ್ರನ ಕಂಕುಳಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು, ನನಗೆಂದು ತಂದದ್ದು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 2016ರಲ್ಲಿ ಪ್ರಕಟಿಸಿದ ‘ಸ್ಟ್ರೇಂಜರ್ಸ್ ಇನ್ ದೇರ್ ಓನ್ ಲ್ಯಾಂಡ್’. ತಮ್ಮ ನೆಲದಲ್ಲೇ ಪರಕೀಯರಾದವರು ಎನ್ನೋಣ. ಆಕೆ ತನ್ನ ರಾಜಕೀಯಕ್ಕೆ ತೀರ ವಿರುದ್ಧವಾದ ಜನರನ್ನು ಅರಿಯಲು ಐದು ವರ್ಷ ಲೂಯಿಸಿಯಾನಾ ರಾಜ್ಯಕ್ಕೆ ಹೋಗಿ ಬಂದು ಅವರ ಜೊತೆ ಉಂಡು, ಚರ್ಚಿಗೆ ಹೋಗಿ, ಮಾತು ಕೇಳಿದರು. ಕಾರ್ಖಾನೆಗಳ ವಿಷದಿಂದ ಮೀನು ಸತ್ತು ನೀರು ಕೆಟ್ಟಿದ್ದರೂ, ಆ ಕಾರ್ಖಾನೆಗಳಿಗೆ ಅಂಕೆಯಿಡುವ ಸರಕಾರವನ್ನೇ ದ್ವೇಷಿಸುವ ಜನ ಅವರು. ಸಾಲಿನಲ್ಲಿ ತಾಳ್ಮೆಯಿಂದ ನಿಂತಿರುವಾಗ ಬೇರೆ ಯಾರೋ ಮುಂದೆ ನುಗ್ಗುತ್ತಿದ್ದಾರೆಂಬ ಒಂದು ಭಾವನೆ ಅವರ ರಾಜಕೀಯದ ಕೆಳಗಿದೆಯೆಂದು ಆಕೆಯ ವಾದ. ಪುಸ್ತಕ ಒಳ್ಳೆಯದು, ನಾನು ಓದಿ ಮುಗಿಸಿದೆ. ಮಿತ್ರನೂ ಆ ಬಡಪಾಯಿಗಳನ್ನು ಕುರಿತು ಕರಗಿ ಮಾತನಾಡಿದ.

ಎದುರು ಬೆಂಚಿನವನು ಕಾಫಿಯ ಲೋಟ ಕೆಳಗಿಟ್ಟು ಕೇಳಿದ: “ಅಮೆರಿಕದೋನು ಯಾಕೆ ಹಂಗೆ ಓಟು ಹಾಕ್ತಾನೆ ಅಂತ ಇಷ್ಟು ದಪ್ಪ ಪುಸ್ತಕ ಓದಿದೀಯಲ್ಲ, ನಾನು ಯಾಕೆ ಹಾಕ್ತೀನಿ ಅಂತ ಒಂದು ದಿನ ಕೇಳಿದೀಯೇನೋ?”

ಬ್ಯಾಂಕಿನ ಮಿತ್ರನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲಿದ್ದೂ ನಾವು ಕೇಳಿರಲಿಲ್ಲ. ಕೇಳಿದ್ದರೆ ಸೂರತ್ತಿನ ಅಗ್ಗದ ಸೀರೆಗಳ ಮಾತು, ನೂಲಿನ ಬೆಲೆಯ ಮಾತು, 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ ಮನೆಯ ಬಾಗಿಲಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ಮಾತು ಎಲ್ಲ ಬರುತ್ತಿತ್ತು. ಆ ದಿನ ಒಂದೊಂದಾಗಿ ಬಂದಿತು. ದೂರದ ಅಪರಿಚಿತನಿಗೆ ಮರುಗುವುದಕ್ಕೆ ಖರ್ಚಿಲ್ಲ. ಅವನು ನಮ್ಮ ಬೀದಿಯಲ್ಲಿ ಎದುರಾಗುವುದಿಲ್ಲ. ಹತ್ತಿರದ ಅಪರಿಚಿತ ತಿರುಗಿ ಮಾತನಾಡುತ್ತಾನೆ, ಅದೇ ಕಷ್ಟ.

ಇಲ್ಲಿ ಆಕ್ಷೇಪಣೆಗಳಿವೆ. ಆಯುಷ್ಯ ಚಿಕ್ಕದು, ವಿಷವೆಂದು ಗೊತ್ತಿರುವುದನ್ನು ಕುಡಿದೇ ನೋಡಬೇಕೆ ಎನ್ನುವವರಿದ್ದಾರೆ. ಕುಡಿಯಬೇಡಿ. ಆದರೆ ಅದು ವಿಷವೆಂದು ಊರಿಗೆಲ್ಲ ಡಂಗುರ ಹೊಡೆಯುವ ವೈದ್ಯರು ಸೀಸೆಯ ಬಿರಟೆಯನ್ನಾದರೂ ತೆಗೆದು ನೋಡಿರಬೇಕಷ್ಟೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬ್ಯಾಂಕಿನ ಮಿತ್ರನದು: ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ, ಲಕ್ಷಾಂತರ ಓದುಗರುಳ್ಳ ಕಾದಂಬರಿಕಾರರ ಒಂದು ಪುಸ್ತಕವನ್ನು ನಾಲ್ಕು ಜನ ವಿಮರ್ಶಕರು ಬೈಯುವುದೂ, ಒಬ್ಬ ಲೇಖಕಿಯ ಧರ್ಮವನ್ನು ಹಿಡಿದು ನಾಡಹಬ್ಬಕ್ಕೆ ಬರಲು ನಿನಗೇನು ಅರ್ಹತೆಯೆಂದು ಕೇಳುವುದೂ ಒಂದೇ ಅಲ್ಲ ಎಂದು. ಈ ಮಾತನ್ನು ನಾನು ಒಪ್ಪುತ್ತೇನೆ. ಎರಡೂ ಒಂದೇ ಅಲ್ಲ. ಒಂದು ಪುಸ್ತಕದ ಮೇಲಿನ ಸಿಟ್ಟು, ಇನ್ನೊಂದು ಮನುಷ್ಯರ ಮೇಲಿನದು. ಆದರೆ ಈ ವ್ಯತ್ಯಾಸವನ್ನು ಎದುರಿನವನಿಗೆ ಮನಗಾಣಿಸಬೇಕಾದರೆ ಆ ಪುಸ್ತಕದಲ್ಲಿ ಏನಿದೆಯೆಂದು ಹೇಳಬಲ್ಲವನಾಗಿರಬೇಕು. “ನೀನು ಓದಿದೀಯ?” ಎಂದು ಅವನು ಕೇಳಿದ ಕ್ಷಣಕ್ಕೆ ನ್ಯಾಯವಾದ ವಾದವೂ ಕುಸಿಯುತ್ತದೆ. ಕುಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕುಸಿದವನು ನಾನೇ.

2007ರಲ್ಲಿ ‘ಆವರಣ’ ಬಂದಾಗ ನಾನು ಕೆಲಸಕ್ಕೆ ಹೊಸಬ. ಕಾಲೇಜೊಂದರ ಸಭೆಯಲ್ಲಿ ಆ ಕಾದಂಬರಿಯನ್ನು ಖಂಡಿಸಿ ಇಪ್ಪತ್ತು ನಿಮಿಷ ಮಾತನಾಡಿದೆ, ಚಪ್ಪಾಳೆ ಬಿದ್ದಿತು. ಪತ್ರಿಕೆಗಳಲ್ಲಿ ಬಂದ ನಾಲ್ಕೈದು ಲೇಖನಗಳನ್ನು ಓದಿದ್ದೆ, ಕಾದಂಬರಿಯನ್ನು ಓದಿರಲಿಲ್ಲ. ಸಭೆ ಮುಗಿದ ಮೇಲೆ ತೂಬಗೆರೆಯ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ಎರವಲು ತಂದ ಪ್ರತಿಯನ್ನು ಹಿಡಿದು, “ಸಾರ್, ನೀವು ಹೇಳಿದ್ದು ಯಾವ ಅಧ್ಯಾಯದಲ್ಲಿದೆ? ನನಗೆ ಸಿಕ್ಕಲಿಲ್ಲ” ಎಂದು ವಿನಯದಿಂದಲೇ ಕೇಳಿದಳು. ನಾನು ನಕ್ಕು, “ಸಾಲುಗಳ ನಡುವೆ ಓದುವುದನ್ನು ಕಲಿಯಮ್ಮ” ಎಂದೆ. ಸುತ್ತಲಿದ್ದವರೂ ನಕ್ಕರು. ಹುಡುಗಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಆ ತರಗತಿಯಲ್ಲಿ ಅವಳು ಮತ್ತೆ ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಹದಿನೆಂಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ಹೋಟೆಲಿನಲ್ಲಿ ಹೇಳಿದೆ. ಹೇಳಿದ ಮೇಲೆ ಒಂದು ಕರಾರಾಯಿತು. ದೀಪಾವಳಿಯೊಳಗೆ ಮಗ್ಗದವನು ಬಾನು ಮುಷ್ತಾಕ್ ಅವರ ಕತೆಗಳನ್ನೂ, ಬ್ಯಾಂಕಿನವನೂ ನಾನೂ ‘ಆವರಣ’ವನ್ನೂ ಓದಬೇಕು, ಓದುವತನಕ ಅವೆರಡರ ಮಾತೆತ್ತಕೂಡದು. ಮೂರು ಭಾನುವಾರ ನಮ್ಮ ಹೋಟೆಲು ಬಹಳ ನೆಮ್ಮದಿಯಾಗಿತ್ತು.

ಓದಿದ ಮೇಲೆ ಏನಾಯಿತೆಂದರೆ, ಯಾರೂ ಪಕ್ಷ ಬದಲಿಸಲಿಲ್ಲ. ಬ್ಯಾಂಕಿನ ಮಿತ್ರನಿಗೆ ಕಾದಂಬರಿಯ ಮೇಲಿನ ಸಿಟ್ಟು ಇಳಿಯಲಿಲ್ಲ, ಅದಕ್ಕೆ ವಿಳಾಸ ಸಿಕ್ಕಿತು. ಲಕ್ಷ್ಮಿಯಾಗಿ ಹುಟ್ಟಿ ರಜಿಯಾ ಆದ ನಾಯಕಿ ತಂದೆಯ ಪುಸ್ತಕಗಳ ನಡುವೆ ಕೂತು ಇತಿಹಾಸ ಓದತೊಡಗಿದ ಮೇಲೆ, ಅವಳಿಗೆ ಸಿಕ್ಕುವ ಪ್ರತಿಯೊಂದು ಆಧಾರವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಸರಿಸಮನಾಗಿ ವಾದಿಸಬಲ್ಲ ಒಂದು ಪಾತ್ರವನ್ನು ಲೇಖಕರು ಎದುರಿಗೆ ನಿಲ್ಲಿಸಲಿಲ್ಲ ಎಂದು ಅವನು ಹೇಳಿದ. ಇದು ವಿಮರ್ಶೆ. ಮಗ್ಗದವನು ಇದಕ್ಕೆ ಉತ್ತರ ಹುಡುಕಬೇಕಾಯಿತು. “ವಿಷ” ಎಂದಿದ್ದರೆ ಬೇಕಾಗುತ್ತಿರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆ ಪ್ರೊಫೆಸರ್ ಶಾಸ್ತ್ರಿಯಂಥೋರನ್ನ ನಮ್ಮ ಸಭೆಗಳಲ್ಲಿ ನೋಡಿದೀನಿ ಬಿಡು” ಎಂದು ತಗ್ಗಿದ ದನಿಯಲ್ಲಿ ಸೇರಿಸಿದ. ನನಗೂ ಆ ಕಾದಂಬರಿ ರುಚಿಸಲಿಲ್ಲ. ‘ಪರ್ವ’ ಬರೆದ ಕೈ ಇಲ್ಲಿ ವಕಾಲತ್ತಿಗೆ ಇಳಿದಿದೆಯೆಂದೇ ನನ್ನ ಮತ. ಆದರೆ ಈಗ ಯಾವ ಅಧ್ಯಾಯವೆಂದು ಆ ಹುಡುಗಿಗೆ ತೋರಿಸಬಲ್ಲೆ.

ಮಗ್ಗದ ಮಿತ್ರ ಹೆಚ್ಚು ಮಾತನಾಡಲಿಲ್ಲ. ಭಾಷಣದ ವಿಷಯದಲ್ಲಿ ತನ್ನ ಮಾತು ಬದಲಾಗದೆಂದು ಮೊದಲೇ ಹೇಳಿಬಿಟ್ಟ. ಅವನನ್ನು ಹಿಡಿದುದು ‘ಬೆಂಕಿ ಮಳೆ’ ಎಂಬ ಕತೆ. ತಂದೆಯ ಆಸ್ತಿಯಲ್ಲಿ ಪಾಲು ಕೇಳಲು ಬಂದ ತಂಗಿಗೆ ಉತ್ತರ ಕೊಡಲಾರದೆ, ಮಸೀದಿಯ ಮುತವಲ್ಲಿಯಾದ ಅಣ್ಣ ಯಾರದೋ ಹೆಣದ ಸಂಸ್ಕಾರವನ್ನು ಧರ್ಮದ ಪ್ರಶ್ನೆಯಾಗಿಸಿ ಊರ ಕೆಲಸದಲ್ಲಿ ಮುಳುಗುವ ಕತೆ ಅದು. “ಇವರನ್ನ ನಮ್ಮ ದೇವಸ್ಥಾನದ ಕಮಿಟೀಲೂ ನೋಡಿದೀನಿ” ಎಂದು ನಕ್ಕ. ನಗು ಬೇಗ ನಿಂತಿತು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ಭೂಮಿಯ ಬೆಲೆ ಏನಾಯಿತೆಂಬುದನ್ನು ಬೆಂಗಳೂರಿನ ಓದುಗರಿಗೆ ಹೇಳಬೇಕಾದುದಿಲ್ಲ. 2005ರ ತಿದ್ದುಪಡಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. ನಮ್ಮ ಮನೆಗಳಲ್ಲಿ ಅದರ ಜೊತೆಗೇ ಹಬ್ಬಕ್ಕೆ ಕರೆದು, ಒಬ್ಬಟ್ಟಿನ ಊಟ ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರಿಂದ ರುಜು ಹಾಕಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು.

“ನಾನೂ ಹಾಕಿಸ್ಕೊಂಡಿದೀನಿ ಕಣೋ” ಎಂದ ಮಗ್ಗದವನು. “ನಮ್ಮಕ್ಕ ಏನೂ ಕೇಳಲಿಲ್ಲ. ಸೀರೆ ಕೊಟ್ಟೆ, ತಗೊಂಡು ಹೋದಳು.”

ಆ ಪತ್ರದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಅವನೂ ಎತ್ತಿಲ್ಲ.

ಈಗ ಬ್ಯಾಂಕಿನವನು ‘ದಾಟು’ ಕೇಳಿ ತೆಗೆದುಕೊಂಡು ಹೋಗಿದ್ದಾನೆ. ಕಯ್ಯೂರಿನ ರೈತ ಹೋರಾಟದ ಮೇಲೆ ನಿರಂಜನರು ಬರೆದ ‘ಚಿರಸ್ಮರಣೆ’ಯನ್ನು ಮಗ್ಗದವನಿಗೆ ಕೊಟ್ಟೆ. ಮದುವೆಯ ಆರ್ಡರುಗಳಿವೆ, ನಿಧಾನವಾಗುತ್ತದೆಂದಿದ್ದಾನೆ. ಅಮೆರಿಕದ ಪುಸ್ತಕ ನನ್ನ ಮೇಜಿನ ಮೇಲೆಯೇ ಇದೆ. ಹೋದ ವಾರ ಅವನು, “ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳು ಬಾರೋ, ಮಗ್ಗದ ಮನೇಲಿ ಕೂತು ಕೇಳ್ತೀನಿ” ಎಂದು ಕರೆದ. ಮಗ್ಗ ಓಡುತ್ತಿದ್ದರೆ ಅಲ್ಲಿ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಕರೆಂಟು ತೆಗೆಯುವ ಹೊತ್ತು ನೋಡಿಕೊಂಡು ಹೋಗಬೇಕು.