ನೆಗಡಿಯ ಮರೆಯಲ್ಲಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಲಾ ವಿಭಾಗದ ವಿದ್ಯಾರ್ಥಿ ವೈದ್ಯದ ಮಾತೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರೀತು. ಆದರೆ ಮನೆಯಲ್ಲಿ ಕಂಡ ನೋವನ್ನು ತಿಳಿದುಕೊಳ್ಳಲು ನೆರವಾಗದಿದ್ದರೆ ಓದಿದ್ದಕ್ಕೆ ಫಲವೇನು?

ನಮ್ಮ ಅವ್ವನಿಗೆ ಬೆಳಗೆದ್ದೊಡನೆ ಹತ್ತಾರು ಸೀನು. ಕಣದ ದೂಳು ಎದ್ದರೆ, ಕಾಂಗ್ರೆಸ್ ಹುಲ್ಲು ಹೂಬಿಟ್ಟರೆ ಮೂಗು ಕಟ್ಟಿಯೇ ಕಟ್ಟುವುದು. ಇದು ಬಹುಕಾಲದಿಂದ ಇದ್ದದ್ದೇ. ಎರಡು ವರ್ಷಗಳ ಹಿಂದೆ ಇದರೊಡನೆ ಆಯಾಸ, ಮರೆವು, ಮೈ ಊದಿಕೊಳ್ಳುವುದು, ಚಳಿ ತಡೆಯದಿರುವುದು ಸೇರಿಕೊಂಡವು. ನೆರೆಯವರು ‘ಶೀತದ ಮೈ’ ಎಂದರು. ಬಂಧುಗಳು ‘ಸೋಮಾರಿತನ’ ಎಂದರು. ನಾನೂ ತಲೆದೂಗಿದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಕಡೆಗೆ ರಕ್ತಪರೀಕ್ಷೆ ಮಾಡಿಸಿದಾಗ ತಿಳಿದದ್ದು: ಕೊರಳಿನ ಥೈರಾಯ್ಡ್ ಗ್ರಂಥಿ ಸೊರಗಿದೆ, ಕಾರಣ ಹಶಿಮೊಟೊ ರೋಗ.

1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರು ನಾಲ್ವರು ಹೆಂಗಸರ ಈ ಗ್ರಂಥಿಯಲ್ಲಿ ಬಿಳಿಯ ರಕ್ತಕಣಗಳು ಮುತ್ತಿಕೊಂಡಿದ್ದುದನ್ನು ವರ್ಣಿಸಿದರು. ಅವು ಮುತ್ತಿದ್ದೇಕೆ? 1956ರಲ್ಲಿ ಲಂಡನ್ನಿನ ಸಂಶೋಧಕರು, ರೋಗಿಗಳ ರಕ್ತದಲ್ಲಿ ಅವರದೇ ಗ್ರಂಥಿಗೆ ವಿರೋಧವಾದ ಪ್ರತಿಕಾಯಗಳನ್ನು ಕಂಡರು. ಕಾವಲುಗಾರನೇ ಮನೆಯ ಯಜಮಾನನನ್ನು ಕಳ್ಳನೆಂದು ಬಡಿದಂತೆ! ಮೂಗಿನ ಅಲರ್ಜಿಯಲ್ಲಿಯೂ ತಪ್ಪು ಅದೇ ಕಾವಲುಗಾರನದು. ಅಲ್ಲಿ ಅವನು ಬಡಿಯುವುದು ನಿರಪರಾಧಿಯಾದ ಪರಾಗವನ್ನು.

ಹಾಗಾದರೆ ಒಂದು ರೋಗ ಇನ್ನೊಂದನ್ನು ತರುವುದೆ? ಗ್ರಂಥಿ ಅತಿಯಾಗಿ ದುಡಿಯುವ ಗ್ರೇವ್ಸ್ ರೋಗವೂ ಇದೇ ಕುಲದ್ದು. ಮೂಗಿನ ಅಲರ್ಜಿ ಕೆರಳಿದ ಬಳಿಕ ಕೆಲವು ರೋಗಿಗಳಲ್ಲಿ ಅದು ಮರುಕಳಿಸಿದ್ದನ್ನು ಜಪಾನಿನ ವೈದ್ಯರು 1990ರ ದಶಕದಲ್ಲಿ ಗಮನಿಸಿದರು. ನಂಟು ಇರಬಹುದು, ಆದರೆ ನಂಟು ಬೇರೆ, ಕಾರಣ ಬೇರೆ. ಸೀನುವವರೆಲ್ಲ ಕೊರಳು ಮುಟ್ಟಿಕೊಂಡು ಹೆದರಬೇಕಾದುದಿಲ್ಲ.

ನನ್ನ ವಾದ ಇಷ್ಟೆ: ಕಣ್ಣಿಗೆ ಕಾಣುವ ನೆಗಡಿಯ ಮರೆಯಲ್ಲಿ ಕಾಣದ ರೋಗವೊಂದು ಅಡಗಿರಬಹುದು. ಥೈರಾಯ್ಡ್ ಕುಂದಿದರೆ ಅದರಿಂದಲೇ ಮೂಗು ಕಟ್ಟುವುದೂ ಉಂಟು. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಆದರೂ ‘ಸೋಮಾರಿ’ ಎಂಬ ತೀರ್ಪನ್ನು ನಾವು ಮೊದಲು ಹೊರಿಸುವುದು ಅವರ ಮೇಲೆಯೇ. ತೀರ್ಪಿಗೆ ಮುನ್ನ ವಿಚಾರಣೆ ಬೇಡವೆ? ಇಲ್ಲಿ ವಿಚಾರಣೆಯೆಂದರೆ ಒಂದು ಸಣ್ಣ ಟಿ.ಎಸ್.ಎಚ್. ರಕ್ತಪರೀಕ್ಷೆ.

ನಮ್ಮ ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ತೂಕ, ಎತ್ತರ ಬರೆದುಕೊಂಡರೆ ಸಾಲದು. ದೀರ್ಘಕಾಲದ ಆಯಾಸವಿದ್ದವರಿಗೆ ಈ ಪರೀಕ್ಷೆಯನ್ನೂ ಮಾಡಿಸಬೇಕೆಂದು ಅಧ್ಯಾಪಕ ಮಹನೀಯರಲ್ಲಿ ನನ್ನ ವಿನಂತಿ.

ಅವ್ವ ಈಗ ದಿನವೂ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ ನುಂಗುತ್ತಾಳೆ. ಮತ್ತೆ ಹೊಲಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದಾಳೆ. ಸೀನು ಮಾತ್ರ ನಿಂತಿಲ್ಲ. ನಿಂತದ್ದು ನಮ್ಮ ಚುಚ್ಚುಮಾತು.